ಜಗಲಿಗೊಂದು ಬೆಲೆ, ಬಾವಿಗೊಂದು ಬೆಲೆ

ಬೆಳಗಿನಿಂದ ಮೊಮ್ಮಗ ಒಂದು ತಗಡಿನ ಹಲಗೆ, ಒಂದು ಡಬ್ಬಿ ಬಣ್ಣ ಹಿಡಿದುಕೊಂಡು ನನ್ನ ಪ್ರಾಣ ತಿನ್ನುತ್ತಿದ್ದಾನೆ. ಮಹಡಿ ಮೇಲೆ ಹೊಸದಾಗಿ ಕಟ್ಟಿಸಿದ ಮನೆಯನ್ನು ಬಾಡಿಗೆಗೆ ಕೊಡಬೇಕಂತೆ. 'ಮನೆ ಬಾಡಿಗೆಗೆ ಇದೆ' ಅಂತ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆದಾಗಿದೆ, ಕೆಳಗೆ ಎಷ್ಟು ಅಂತ ಬರೆಯೋದಷ್ಟೇ ಬಾಕಿ. ಹೊಸೂರಿನ ಯಾವ ಬೀದಿಯ ಯಾವ ಮನೆಗೆ ಎಷ್ಟು ಬಾಡಿಗೆ ಅಂತ ತಿಳಿಯಬೇಕಾದರೆ ಜನ ಇವತ್ತಿಗೂ ಬರುವುದು ನನ್ನ ಹತ್ತಿರಕ್ಕೇ. ಜಂಬ ಅಂತ ಅಂದುಕೊಳ್ಳಬೇಡಿ. ಬೇಕಾದರೆ ನೀವೂ ಬಂದು ಕೇಳಿ, ಹೇಳುತ್ತೇನೆ, ಕಾಫಿಯನ್ನೂ ಕೊಡುತ್ತೇನೆ. ಬೆಲೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಹಡಿಯ ಮೆಟ್ಟಿಲಿಂದ ಹಸಿ ಸುಣ್ಣದ ವಾಸನೆ ಇಳಿದು ಬಂತು, ಮಾತು ಅಲ್ಲೇ ನಿಂತಿತು.

ಈ ಬಾಡಿಗೆಯ ವಿದ್ಯೆ ನನ್ನ ಸ್ವಂತದ್ದಲ್ಲ, ನಮ್ಮತ್ತೆ ಚಿನ್ನಕ್ಕನವರದು. ಯುದ್ಧದ ಕಾಲದಲ್ಲಿ ನಾನು ಕೃಷ್ಣಗಿರಿ ಕಡೆಯಿಂದ ಸೊಸೆಯಾಗಿ ಈ ಊರಿಗೆ ಬಂದಾಗ ನಾವೇ ಬಾಡಿಗೆ ಮನೆಯಲ್ಲಿದ್ದೆವು, ಪೇಟೆ ಬೀದಿಯಲ್ಲಿ. ಜಗಲಿ ಮೇಲೆ ನನ್ನ ಗಂಡನ ಹೊಲಿಗೆ ಮಿಷನ್ನು, ಹಿಂದೆ ಸಿಹಿನೀರಿನ ಬಾವಿ, ಬೀದಿಯವರೆಲ್ಲ ನೀರು ಸೇದುತ್ತಿದ್ದದ್ದು ಅಲ್ಲೇ. ಸ್ವಂತಕ್ಕೆ ಒಂದು ಗೇಣು ಗೋಡೆ ಇಲ್ಲದ ಹೆಂಗಸು ಊರಿನ ಮನೆಗಳಿಗೆಲ್ಲ ಬೆಲೆ ಕಟ್ಟುತ್ತಿದ್ದರು ಅಂದರೆ ನಗಬೇಡಿ. ಮದುವೆ ಮಾಡಿಸುವವರೆಲ್ಲ ಸುಖವಾಗಿ ಸಂಸಾರ ಮಾಡಿದವರೇನು?

ಅವರ ಲೆಕ್ಕ ಹೀಗಿತ್ತು. "ಅಗ್ರಹಾರದಾಗೆ ದುಡ್ಡು ಕೊಡೋದು ಬಾವಿಗೆ, ಪೇಟೇಲಿ ಕೊಡೋದು ಜಗಲೀಗೆ, ಮತ್ತಿಗಿರಿ ದಾರೀಲಿ ಕೊಡೋದು ದಂಡಕ್ಕೆ." ಮತ್ತಿಗಿರಿ ದಾರಿಯ ಮನೆಗಳ ಬಾವಿನೀರು ಉಪ್ಪು, ಬೇಳೆ ಬೇಯುತ್ತಿರಲಿಲ್ಲ. ಅದಕ್ಕೇ ಅಲ್ಲಿ ಬಾಡಿಗೆ ಅಗ್ಗ. ಇನ್ನು ಮೂಕಂಡಪಲ್ಲಿಯಲ್ಲಿ ಬಾಡಿಗೆ ಅನ್ನುವ ಮಾತನ್ನೇ ಯಾರೂ ಕೇಳಿರಲಿಲ್ಲ, ಬರೀ ರಾಗಿ ಹೊಲ. ಇವತ್ತು ಅಲ್ಲಿ ಫ್ಯಾಕ್ಟರಿಯವರಿಗೆ ಒಂದು ಕೋಣೆ ಸಿಕ್ಕರೆ ಪುಣ್ಯ. ಅತ್ತೆ ಇದ್ದಿದ್ದರೆ ಅದಕ್ಕೂ ಒಂದು ಗಾದೆ ಕಟ್ಟುತ್ತಿದ್ದರು.

ಅತ್ತೆಗೆ ಗೊತ್ತಿಲ್ಲ ಅನ್ನುವ ಮಾತು ಗೊತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ಯಾರು ಕೇಳಿದರೂ ಕೊಡ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಲೆ ಹೇಳಿಯೇ ಕೊಡ ಎತ್ತುತ್ತಿದ್ದರು. ಮನೆ ಕೊಡುವವರೂ ಆ ಮಾತಿಗೆ ತಲೆಯಾಡಿಸುತ್ತಿದ್ದರು, ತೆಗೆದುಕೊಳ್ಳುವವರೂ. ದಲ್ಲಾಳಿ ದುಡ್ಡು ಅಂತ ಒಂದು ಕಾಸು ಮುಟ್ಟಿದವರಲ್ಲ. "ಚಿನ್ನಕ್ಕ ಅಂದ್ಮೇಲೆ ಮುಗೀತು" ಅನ್ನಿಸಿಕೊಳ್ಳುವುದೇ ಅವರಿಗೆ ಸಂಬಳ.

ನಾನು ತಾಯಿಯಿಲ್ಲದ ಹುಡುಗಿ. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು ಅನ್ನುತ್ತಾರಲ್ಲ, ನನಗೆ ಯಾವ ತವರು? ಬಸುರಿಯಾದ ಸುದ್ದಿ ಹೇಳಿ ನಾನು ಅಳುತ್ತಾ ಕೂತಾಗ ಅತ್ತೆ ಗದರಿದರು. "ಯಾಕಮ್ಮ ಅಳ್ತೀಯ? ನಾನೇನ್ ಸತ್ತೋಗಿದೀನಾ? ನಿನ್ ಬಾಣಂತನ ಇದೇ ಮನೇಲಿ ನಾನೇ ಮಾಡ್ತೀನಿ." ಅವತ್ತಿನಿಂದಲೇ ತಯಾರಿ ಶುರು. ಬಚ್ಚಲಮನೆಯ ಬಿರುಕಿಗೆ ಗಾರೆ ಮೆತ್ತಿಸಿ ಸುಣ್ಣ ಹೊಡೆಸಿದರು, ಹಂಡೆಗೆ ಕಲಾಯಿ ಹಾಕಿಸಿದರು. ಸೂಲಗಿತ್ತಿ ನಮ್ಮ ಪಕ್ಕದ ಓಣಿಯವಳೇ, ಕೂಗಿದರೆ ಕೇಳುತ್ತಿತ್ತು. ಹಸಿ ಸುಣ್ಣದ ಆ ಬಚ್ಚಲಲ್ಲಿ ನಿಂತಾಗ ನನಗೂ ಒಬ್ಬಳು ತಾಯಿ ಇದ್ದಾಳೆ ಅಂತ ಮೊದಲ ಸಲ ಅನ್ನಿಸಿತ್ತು.

ಅದೇ ಹೊತ್ತಿಗೆ ಮದ್ರಾಸಿನ ಮೇಲೆ ಜಪಾನಿನವರು ಬಾಂಬು ಹಾಕುತ್ತಾರೆ ಅಂತ ಹುಯಿಲೆದ್ದಿತು. ಜನ ಗಂಟುಮೂಟೆ ಕಟ್ಟಿಕೊಂಡು ನಮ್ಮಂಥ ಊರುಗಳಿಗೆ ಬಂದಿಳಿದರು. ಬಾಡಿಗೆ ಸಂತೆಯಿಂದ ಸಂತೆಗೆ ಏರಿತು. ಅಗ್ರಹಾರ ಮೊದಲು ಏರಿತು, ಆಮೇಲೆ ಪೇಟೆ. ಕೊನೆಗೆ ಮತ್ತಿಗಿರಿ ದಾರಿಯ ಉಪ್ಪುನೀರಿಗೂ ಜಂಬ ಬಂತು. ಅತ್ತೆಗಂತೂ ಸುಗ್ಗಿ. ದಿನಾ ಯಾರಾದರೊಬ್ಬರು ಕೇಳಲು ಬಂದೇ ಇರುತ್ತಿದ್ದರು.

ಹಾಗೆ ಬಂದವರಲ್ಲಿ ಮದ್ರಾಸಿನ ಒಬ್ಬ ಯಜಮಾನರು. ಕೈಯಲ್ಲಿ ಕೊಡೆ, ಮುಖದಲ್ಲಿ ನಿದ್ದೆಗೆಟ್ಟ ಆಯಾಸ. ಬಾವಿಕಟ್ಟೆಯ ಹತ್ತಿರ ನಿಂತು ತಮಿಳಿನಲ್ಲಿ ವಿಚಾರಿಸಿದರು: ಪೇಟೆಯಲ್ಲಿ ಮನೆ, ಮುಂದೆ ಜಗಲಿ, ಒಳಗೆ ಬಚ್ಚಲಮನೆ, ಹಿಂದೆ ಸಿಹಿನೀರು, ಎಷ್ಟು ಕೊಡಬಹುದು? ಅತ್ತೆ ಕೊಡ ಇಳಿಸಿದರು. ತಮಿಳಿನಲ್ಲೇ, ಗತ್ತಿನಿಂದ, "ಹನ್ನೆರಡು ರೂಪಾಯಿ. ಕಣ್ಮುಚ್ಚಿ ಕೊಡಿ" ಅಂದರು. ಯಾವ ಮನೆ ಅಂತ ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಬಸುರಿ ಇರುವ ಮನೆಯನ್ನು ಬಿಡಿಸುವುದು ನಮ್ಮ ಕಡೆ ಮಹಾಪಾಪ. ನಮ್ಮ ಮನೆಗೂ ಯಾರಾದರೂ ಕಣ್ಣು ಹಾಕಿಯಾರು ಅನ್ನೋ ಯೋಚನೆ ಅತ್ತೆಯ ಹತ್ತಿರ ಸುಳಿಯಲೇ ಇಲ್ಲ. ಊರ ಮನೆಗಳನ್ನೆಲ್ಲ ತೂಗಿದ ತಕ್ಕಡಿಯಲ್ಲಿ ತಮ್ಮದೇ ಮನೆ ಕೂತದ್ದು ಕಾಣಲಿಲ್ಲ!

ಮುಂದಿನ ಸಂತೆಯ ದಿನ ನಮ್ಮ ಮನೆಯ ಒಡೆಯರು ಬಂದರು. ಅವರು ಬೇರಿಕೆಯ ರೆಡ್ಡಿಗಳು, ಹೊಲ ಗದ್ದೆ ಇದ್ದವರು, ಸಂತೆಗೆ ಬಂದಾಗ ಬಾಡಿಗೆ ತೆಗೆದುಕೊಂಡು ಹೋಗುತ್ತಿದ್ದರು. ಅವತ್ತು ಅವರ ಹಿಂದೆ ಅದೇ ಕೊಡೆಯ ಯಜಮಾನರು. ಅತ್ತೆಯ ಮುಖ ನೋಡಬೇಕಿತ್ತು ನೀವು.

ರೆಡ್ಡಿಗಳು ಕೆಟ್ಟವರಲ್ಲ. ನನ್ನ ಹೊಟ್ಟೆ ನೋಡಿ ಕೈ ಮುಗಿದರು. "ಬಸುರಿ ಹೆಂಗ್ಸು ಇರೋ ಮನೆ, ಬಿಡು ಅಂತ ನಾನ್ ಹೇಳಲ್ಲ ಚಿನ್ನಕ್ಕ. ಆ ಪಾಪ ನಂಗ್ ಬ್ಯಾಡ. ಆದ್ರೆ ಇವ್ರು ಹನ್ನೆರಡು ಕೊಡ್ತೀನಿ ಅಂತಾರೆ. ಹನ್ನೆರಡು ನ್ಯಾಯ ಅಂತ ನೀನೇ ಅಂದಿದೀಯಂತೆ. ನೀನು ಅಂದ್ಮೇಲೆ ಮುಗೀತಲ್ಲ. ಅಷ್ಟು ನೀನೇ ಕೊಟ್ಟು ಇದ್ಬುಡು."

ನಾವು ಕೊಡುತ್ತಿದ್ದದ್ದು ನಾಲ್ಕು. ಹನ್ನೆರಡು ಎಲ್ಲಿಂದ ತರೋದು? ಮಿಷನ್ನು ರಾತ್ರಿ ಹಗಲು ತುಳಿದರೂ ಹುಟ್ಟುತ್ತಿರಲಿಲ್ಲ. ಬಿಡಬೇಕು, ಮತ್ತಿಗಿರಿ ದಾರಿಗೆ ಹೋಗಬೇಕು, ಬಚ್ಚಲಿಲ್ಲ, ಸಿಹಿನೀರಿಲ್ಲ, ಸೂಲಗಿತ್ತಿ ಎರಡು ಮೈಲಿ ದೂರ. ನನಗೆ ಅತ್ತೆಯ ಮೇಲೆ ಎಂಥ ಸಿಟ್ಟು ಬಂತು ಅಂತೀರಿ! ನಾಲಗೆ ಒಂದು ಸುಮ್ಮನಿದ್ದಿದ್ದರೆ ಅಂತ ಬಾಗಿಲ ಹಿಂದೆ ಹಲ್ಲು ಕಚ್ಚಿದೆ. ಜಗಲಿಯ ಮುಂದೆ ಸಂತೆಗೆ ಬಂದವರು, ಬಾವಿಯ ಹೆಂಗಸರು ಎಲ್ಲ ಸೇರಿದ್ದರು. ಚಿನ್ನಕ್ಕ ಏನಂತಾರೆ ನೋಡೋಣ ಅಂತ.

ಅತ್ತೆ ಒಂದು ಗಳಿಗೆ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು. ಆಮೇಲೆ ಮದ್ರಾಸಿನವರ ಕಡೆ ತಿರುಗಿ ಕೈಜೋಡಿಸಿದರು.

"ನಾನ್ ಅಂದಿದ್ದು ತಪ್ಪು ಸ್ವಾಮಿ. ನಂಗೆ ಬಾಡಿಗೆ ಗೀಡಿಗೆ ಏನೂ ಗೊತ್ತಿಲ್ಲ. ಹೆಂಗಸು, ಬಾಯಿಗ್ ಬಂದಿದ್ ಹೇಳ್ತೀನಿ. ಬ್ಯಾಸಿಗೇಲಿ ಈ ಬಾವಿ ತಳ ಕಾಣ್ತದೆ. ಮಳೆ ಬಂದ್ರೆ ಸೂರು ಸೋರ್ತದೆ. ಈ ಮನೆ ನಾಲ್ಕಕ್ಕೇ ಜಾಸ್ತಿ."

ಎಲ್ಲಾ ಸುಳ್ಳು. ಆ ಬಾವಿ ಎಂಥ ಬರದಲ್ಲೂ ಬತ್ತಿದ್ದಲ್ಲ, ಸೂರಿಗೆ ಒಂದು ತೂತಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. "ಹಂಗಾರೆ ಇಷ್ಟು ದಿನ ನಮ್ಗೆಲ್ಲ ಹೇಳಿದ್ದೂ ಬಾಯಿಗ್ ಬಂದಿದ್ದೇನಾ ಚಿನ್ನಕ್ಕ?" ಅಂತ ಇನ್ನೊಬ್ಬಳು. ಅತ್ತೆ "ಊಂ, ಅಂಗೇ ಕಣಮ್ಮ" ಅಂದರು. ಬೆವರಿಲ್ಲದ ಮುಖವನ್ನು ಸೆರಗಿನಿಂದ ಒರೆಸಿಕೊಂಡರು.

ಮದ್ರಾಸಿನವರು ಬಾವಿಯ ಕಡೆ ಅನುಮಾನದಿಂದ ನೋಡಿ ಹೊರಟೇಬಿಟ್ಟರು. ಅಗ್ರಹಾರದಲ್ಲಿ ಇನ್ನೂ ಹೆಚ್ಚು ಕೊಟ್ಟು ಮನೆ ಹಿಡಿದರಂತೆ. ರೆಡ್ಡಿಗಳಿಗೆ ತಮ್ಮ ಬಾವಿ ಎಂಥದ್ದು ಅಂತ ತಿಳಿಯದೇ? ಆದರೆ ಗೊತ್ತಿಲ್ಲ ಅನ್ನದ ಬಾಯಿ ಗೊತ್ತಿಲ್ಲ ಅಂದದ್ದನ್ನು ಕೇಳಿ ಅವರೂ ಹನ್ನೆರಡರ ಮಾತು ಬಿಟ್ಟರು. "ಐದು ಮಾಡು ಚಿನ್ನಕ್ಕ, ಸಾಕು" ಅಂತ ತೆಲುಗಿನಲ್ಲಿ ಮೆಲ್ಲಗೆ ಹೇಳಿ ಸಂತೆಗೆ ಹೋದರು.

ಆಮೇಲೆ ಬಾವಿಕಟ್ಟೆಯಲ್ಲಿ ಅತ್ತೆಯನ್ನು ಯಾರೂ ಬೆಲೆ ಕೇಳಲಿಲ್ಲ. ಕಣ್ಣೆದುರಿಗೇ ಯಾರೋ ದುಪ್ಪಟ್ಟು ಕೊಟ್ಟು ಮೋಸ ಹೋಗುತ್ತಿದ್ದರೂ ಇವರು ತುಟಿ ಎರಡು ಮಾಡುತ್ತಿರಲಿಲ್ಲ. ಕೊಡ ತುಂಬಿತೋ, ಬಂದರು. ಅದನ್ನು ನೋಡುವುದು ನನ್ನ ಕೈಲಿ ಆಗುತ್ತಿರಲಿಲ್ಲ. ಊರಿನ ಮುಂದೆ ಬೆತ್ತಲಾಗಿ ನನಗೆ ಬಟ್ಟೆ ಹೊದಿಸಿದರಲ್ಲ ಅಂತ ಅನ್ನಿಸುತ್ತಿತ್ತು.

ಮಗಳು ಆ ಮನೆಯಲ್ಲೇ ಹುಟ್ಟಿದಳು. ಒಂದು ದಿನ ಬಚ್ಚಲಲ್ಲಿ ನನಗೆ ಬಿಸಿನೀರು ಹುಯ್ಯುತ್ತಿದ್ದಾಗ ಧೈರ್ಯ ಮಾಡಿ ಕೇಳಿದೆ. "ಅತ್ತೆ, ನಿಜ ಹೇಳಿ. ಈ ಮನೆ ಹನ್ನೆರಡಕ್ಕೆ ಬಾಳ್ತಿತ್ತಾ?"

ಅತ್ತೆ ಚೊಂಬು ಹಂಡೆಯ ಮೇಲಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಹೊರಗೆ ಯಾರೂ ಇಲ್ಲ ಅಂತ ಒಂದು ಸಲ ಇಣುಕಿ ನೋಡಿದರು.

"ಹನ್ನೆರಡಲ್ಲ ಕಣೇ, ಹದಿನೈದು. ಆವಯ್ಯನ ಮುಖ ನೋಡ್ಬುಟ್ಟು ಮೂರು ಕಮ್ಮಿ ಹೇಳಿದ್ದೆ."

ನೀರಿನ ಜೊತೆಗೆ ನನ್ನ ಕಣ್ಣೀರೂ ಹೋಯಿತು, ನಗುವೂ ಬಂತು. ಅವರು ಮಾತ್ರ "ತಲೆ ಬಗ್ಸು" ಅಂತ ಗದರಿ ಚೊಂಬು ಎತ್ತಿಕೊಂಡರು.

"ಅಜ್ಜೀ, ಬಣ್ಣ ಒಣಗ್ತಾ ಅದೆ" ಅಂತ ಮೊಮ್ಮಗ ಕೂಗಿದ. ನಾನು ಬೆಳಗ್ಗೆ ಹೇಳಬೇಕೆಂದಿದ್ದ ಬೆಲೆ ಸರಿಯಾದದ್ದೇ. ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ.

"ಬೆಲೆ ಬರೀಬ್ಯಾಡ ಕಣ್ಲಾ" ಅಂದೆ. "ಒಳಗೆ ಬಂದು ಅಜ್ಜೀನ ಕೇಳಿ ಅಂತ ಬರಿ. ಮೊದ್ಲು ಬರೋರ ಮುಖ ನೋಡ್ತೀನಿ."