ಓಲೆ ಬಿಚ್ಚದ ನೆರೆಯಾಕೆ

೨೦೧೮ನೆಯ ಇಸವಿ, ನನಗಾಗ ನಲವತ್ತಾರು ವರ್ಷ. ರಾಯಲ್ಪಾಡಿನ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದ ನನಗೆ ದಿನವೂ ಹಾಲು ತಂದುಕೊಡುತ್ತಿದ್ದವರು ಪಕ್ಕದ ಮನೆಯ ಗೃಹಿಣಿ. ಏನೇ ಕೇಳಿದರೂ ಅವರದು ಒಂದೇ ಉತ್ತರ: “ಏಂ ಕಾದು ಮೇಷ್ಟ್ರೇ, ಏನಾಗಲ್ಲ.” ಹಾಗೆನ್ನುವಾಗ ಬಲಗಿವಿಯ ಮೇಲೆ ಸೆರಗನ್ನು ಎಳೆದುಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಪಾತ್ರೆಗೆ ಹಾಲು ಸುರಿಯಲು ಬಾಗಿದಾಗ ಸೆರಗು ಜಾರಿತು. ನಾನು ಬೆಚ್ಚಿಬಿದ್ದೆ. ಓಲೆಯ ಭಾರಕ್ಕೆ ಕಿವಿಯ ಹಾಲೆ ಅಂಚಿನವರೆಗೂ ಸೀಳಿ ಎರಡಾಗಿತ್ತು. ಆ ಸೀಳಿನ ಮೇಲ್ಗಡೆಯೇ ಮತ್ತೊಂದು ಹಸಿ ತೂತು. ಓಲೆ ಈಗ ಅಲ್ಲಿ ನೇತಾಡುತ್ತಿತ್ತು.

“ಯಾರಮ್ಮಾ ಚುಚ್ಚಿದ್ದು?”

“ನಾನೇ, ಸೀರೆ ಪಿನ್ನಲ್ಲಿ. ಕೆಳಗೆ ಹರಿದ್ರೆ ಮೇಲೆ ಜಾಗ ಇದೆಯಲ್ಲ!”

ಡಾಕ್ಟರಿಗೆ ತೋರಿಸಲಿಲ್ಲವೇ ಎಂದು ಕೇಳಿದೆ. ಕೋಲಾರದ ವೈದ್ಯರು ಹೊಲಿಗೆ ಹಾಕಲು ಒಪ್ಪಿದ್ದರಂತೆ. ಆದರೆ ಗಾಯ ಪೂರ್ತಿ ಮಾಗುವವರೆಗೆ, ಕೆಲವು ತಿಂಗಳು, ಆ ಕಿವಿಗೆ ಏನನ್ನೂ ತೊಡಬಾರದೆಂದರಂತೆ. ಗಂಡ ಟೊಮೇಟೊ ಲಾರಿಯ ಚಾಲಕ. “ಅವ್ರು ರೋಡ್ ಮೇಲಿರುವಾಗ ಮುತ್ತೈದೆ ನಾನು ಬೋಳು ಕಿವೀಲಿರ್ಲಾ ಸಾರ್?”

ಅಂದು ಸಂಜೆ ಲಾರಿ ನಿಲ್ಲಿಸಿ ಮನೆಗೆ ಬಂದ ಗಂಡನಿಗೆ ನಾನೇ ತಿಳಿಸಿದೆ. ಅವರು ಹೆಂಡತಿಯ ಸೆರಗು ಸರಿಸಿ ನೋಡಿದರು.

“ನನ್ ಹತ್ರಾನೂ ಮುಚ್ಚಿಟ್ಟಿದ್ಯಲ್ಲೇ!”

ಬಳಿಕ ಓಲೆಯನ್ನು ಮೆಲ್ಲನೆ ಬಿಚ್ಚಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

“ವಾಸಿಯಾಗೋವರ್ಗೂ ನನ್ ಜೊತೆ ಲಾರೀಲೇ ಇರ್ತದೆ ಕಣೇ. ಇನ್ನೇನು ಭಯ ನಿಂಗೆ?”

ಅವರು ಹೆಂಡತಿಯನ್ನು ಕೋಲಾರಕ್ಕೆ ಕರೆದೊಯ್ದು ಕಿವಿಗೆ ಹೊಲಿಗೆ ಹಾಕಿಸಿದ್ದು ೨೦೧೮ರ ಆಗಸ್ಟ್ ೧೩, ಸೋಮವಾರ.