ನಮ್ಮನ್ನೆಲ್ಲ ಮಾರಿದ ಮ್ಯಾನೇಜರ್ ಮಾಮ

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಿಸೆಬೀಜದಂತೆ ನುಣ್ಣಗೆ ಹೊಳೆಯುವ ಗಟ್ಟಿ ಚರ್ಮವಿತ್ತು. ಹರೆಯದಲ್ಲಿ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿದ್ದ ಒಂದು ಮಿಲ್ಲಿನ ತಂಡಕ್ಕೆ ಬರಿಗಾಲಲ್ಲಿ ಫುಟ್‌ಬಾಲ್ ಆಡುತ್ತಿದ್ದರಂತೆ. ಜಲ್ಲಿಕಲ್ಲಿನ ಮೈದಾನ. ಮೂರು ಸಲ ಕಿತ್ತುಹೋದ ಉಗುರು ನಾಲ್ಕನೆಯ ಸಲ ಬೆಳೆಯಲೇ ಇಲ್ಲ. ಹೊಸದಾಗಿ ಕ್ಲಬ್ಬಿಗೆ ಬಂದವರು ಬೂಟು ಕಚ್ಚುತ್ತದೆ ಎಂದು ಗೊಣಗಿದರೆ ಮಾಮ ಚಪ್ಪಲಿಯಿಂದ ಆ ಕಾಲನ್ನು ಹೊರಗೆ ತೆಗೆದು ಸುಮ್ಮನೆ ನೆಲದ ಮೇಲೆ ಇಡುತ್ತಿದ್ದರು.

ಆ ಮಿಲ್ಲು ಮುಚ್ಚಿದಾಗ ಎಲ್ಲರೂ ಸೆಟಲ್‌ಮೆಂಟ್ ತೆಗೆದುಕೊಂಡು ಹೋದರು. ಇವರೊಬ್ಬರು ಮಾತ್ರ ಅದರ ಜೊತೆಗೆ ಎರಡು ಗೋಲ್‌ಪೋಸ್ಟ್ ಕೇಳಿದರಂತೆ. ಆಫೀಸಿನವರು ತಮಾಷೆ ಎಂದುಕೊಂಡು ಕೊಟ್ಟುಬಿಟ್ಟರು. ಇವರು ಟೆಂಪೋ ತಂದು, ಆ ಕಬ್ಬಿಣದ ಪೈಪುಗಳನ್ನು ಬಿಚ್ಚಿ ಹೇರಿಕೊಂಡು ಗಣಪತಿ ಎಂಬ ಬಡಾವಣೆಗೆ ಒಯ್ದು, ಒಂದು ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ನೆಟ್ಟರು. ಕೆಲಸ ಕಳೆದುಕೊಂಡವರ ಮಕ್ಕಳು ಬಂದು ಸೇರಿದರು. ನಮ್ಮ ಕ್ಲಬ್ ಹುಟ್ಟಿದ್ದು ಹಾಗೆ.

ಹೊಟ್ಟೆಪಾಡಿಗೆ ಅವರದು ಗಣಪತಿಯಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು. ಕ್ಲಬ್ಬಿಗೆ ಅವರೇ ತರಬೇತುದಾರ, ಅವರೇ ಕಾರ್ಯದರ್ಶಿ, ಜೆರ್ಸಿ ಒಗೆಸುವವರೂ ಅವರೇ. ಆದರೆ ಎಲ್ಲರ ಬಾಯಲ್ಲಿ ಮ್ಯಾನೇಜರ್. ನನಗೊಬ್ಬನಿಗೆ ಮಾತ್ರ ಮಾಮ. ರಕ್ತಸಂಬಂಧವೇನೂ ಇರಲಿಲ್ಲ. ಅವರ ಮನೆಯಲ್ಲೂ ನಮ್ಮ ಮನೆಯಲ್ಲೂ ಕನ್ನಡ ಆಡುತ್ತಿದ್ದೆವು, ಅಷ್ಟೇ.

ನಮ್ಮ ಊರು ಕುನ್ನತ್ತೂರಿನ ಪಕ್ಕದ ಹಳ್ಳಿ. ನನಗೆ ಹದಿನೇಳು ವರ್ಷವಿದ್ದಾಗ ಅವರು ನಮ್ಮ ತೋಟಕ್ಕೆ ಬೋರ್‌ವೆಲ್ ಮೋಟಾರ್ ರಿಪೇರಿಗೆ ಬಂದಿದ್ದರು. ಆ ಹೊತ್ತಿಗೆ ನಾನು ತೆಂಗಿನ ಮರದ ಕೆಳಗೆ ನಿಂತು, ಮೇಲಿನಿಂದ ಕೀಳುವವನು ಎಸೆಯುತ್ತಿದ್ದ ಎಳನೀರು ಒಡೆಯದಂತೆ ಹಿಡಿದು ಹುಲ್ಲಿನ ಮೇಲೆ ಇಡುತ್ತಿದ್ದೆ. ಅಮ್ಮ ಜಗಲಿಯಿಂದ, "ತಲೆ ಮೇಲೆ ಬಿದ್ರೆ ಏನ್ ಮಾಡ್ತೀಯೋ, ಬಾರೋ ಈ ಕಡೆ!" ಎಂದು ಕೂಗಿದಳು. ಅವರು ಸ್ಪ್ಯಾನರ್ ಕೆಳಗಿಟ್ಟು ಎದ್ದು ಬಂದರು.

"ಅಕ್ಕಾ, ನೀವು ನಮ್ಮ ಮಾತು ಆಡ್ತೀರಾ?" ಎಂದು ಕನ್ನಡದಲ್ಲಿ ಕೇಳಿ, ಉತ್ತರಕ್ಕೂ ಕಾಯದೆ ನನ್ನ ಕಡೆ ತಿರುಗಿ, ತಮಿಳಿನವರು ಮಕ್ಕಳನ್ನು ಮುದ್ದಿಗೆ ಕರೆಯುವಂತೆ ಕರೆದರು. "ಕಣ್ಣು, ಎಳನೀರು ಬೀಳೋವಾಗ ನೀನು ಕಾಯಿ ನೋಡ್ತೀಯಾ, ಮರ ಹತ್ತಿರೋನ ಕೈ ನೋಡ್ತೀಯಾ?"

"ಕೈ," ಎಂದೆ.

"ಅದೇ ಬೇಕಾಗಿದ್ದು," ಎಂದು ಅಮ್ಮನಿಗೆ ಹೇಳಿದರು, ಅವಳೇನೋ ಮಾರಾಟಕ್ಕಿಟ್ಟಿದ್ದಾಳೆ ಎನ್ನುವ ಹಾಗೆ. ಮುಂದಿನ ಶನಿವಾರ ನಾನು ಅವಿನಾಶಿ ಪಟ್ಟಣದ ಮೇಲೆ ಹೋಗುವ ಬಸ್ಸು ಹತ್ತಿ ಗಣಪತಿಗೆ ಹೋದೆ. ಗೋಲ್‌ಕೀಪರ್ ಆದೆ.

ಮೈದಾನದಲ್ಲಿ ಅವರು ಆಡುತ್ತಿದ್ದುದೆಲ್ಲ ತಮಿಳು. ನನ್ನನ್ನು ಬೈಯುವಾಗ ಮಾತ್ರ ಕನ್ನಡ. ಉಳಿದವರ ಮುಂದೆ ನನಗೆ ಅವಮಾನವಾಗಬಾರದು ಎಂದು. ಅದು ಬಹಳ ದಿನ ನಡೆಯಲಿಲ್ಲ. ನಮ್ಮ ಸ್ಟ್ರೈಕರ್ ಸೆಲ್ವಂ ಆ ಬೈಗುಳಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ನಾನು ಚೆಂಡು ಬಿಟ್ಟಾಗಲೆಲ್ಲ ಅವರಿಗಿಂತ ಮೊದಲೇ "ಎಮ್ಮೆ ಥರ ನಿಂತ್ಕೋಬೇಡ!" ಎಂದು ಕೂಗುತ್ತಿದ್ದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಗೋಲು ಬಿದ್ದ ಸಿಟ್ಟಿಗೆ ನಾನು ಚೆಂಡನ್ನು ಒದ್ದರೆ ಮಾಮ ಹತ್ತಿರ ಬಂದು ಮೆಲ್ಲಗೆ ಹೇಳುತ್ತಿದ್ದರು: "ಬಾಲ್ ನಿನ್ನ ಮೇಲೆ ಕೋಪ ಮಾಡ್ಕೊಂಡಿಲ್ಲೆ. ನೀನು ಯಾಕೆ ಅದರ ಮೇಲೆ ಮಾಡ್ಕೊಳ್ತೀಯ?"

ನಮ್ಮ ಕ್ಲಬ್ ಜಿಲ್ಲಾ ಲೀಗಿನಲ್ಲಿ ಆಡುತ್ತಿತ್ತು. ಟಿಕೆಟ್ ಕೊಂಡು ನೋಡಲು ಬರುವವರು ಯಾರೂ ಇಲ್ಲ. ಪಂಪ್ ತಯಾರಿಸುವವರೊಬ್ಬರು ಎರಡು ವರ್ಷ ಜೆರ್ಸಿ ಹೊಲಿಸಿಕೊಟ್ಟು ಕೈಬಿಟ್ಟರು. ದೊಡ್ಡ ಕ್ಲಬ್ಬುಗಳು ನಮ್ಮ ಆಟಗಾರನನ್ನು ಕರೆದುಕೊಂಡು ಹೋಗುವಾಗ ಕೊಡುವ ಹಣವೊಂದೇ ಆಧಾರ. ಹಾಗಾಗಿ ತಂಡ ಕೈಗೂಡಿತು ಎನ್ನುವಷ್ಟರಲ್ಲಿ ಒಬ್ಬ ಹೋಗುತ್ತಿದ್ದ, ಅದೂ ಎಲ್ಲರಿಗಿಂತ ಚೆನ್ನಾಗಿ ಆಡುವವನು. ಮಳೆಗಾಲಕ್ಕೆ ಮುಂಚೆ ಯಾರಾದರೂ ಹೊಸಬರು ಬಿಳಿ ಅಂಗಿ ಹಾಕಿಕೊಂಡು ಬಂದು ಮೈದಾನದ ಅಂಚಿನಲ್ಲಿ ನಿಂತರೆ ಈ ಸಲ ಯಾರು ಎಂದು ನಾವೆಲ್ಲ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಮಾಮ ಅವರ ಜೊತೆ ನಗುತ್ತ ಮಾತಾಡಿ, ಪಕ್ಕದ ಬೇಕರಿಗೆ ಕರೆದೊಯ್ದು ಟೀ ಕುಡಿಸಿ ಕಳಿಸುತ್ತಿದ್ದರು. ಹಿಂತಿರುಗಿ ಬಂದಾಗ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಆ ಸಲ ಬೇಡಿಕೆ ಬಂದದ್ದು ಸೆಲ್ವಂಗೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಕೆಲಸ ಮಾಡಿ, ಸಂಜೆ ಬಸ್ಸಿನಲ್ಲಿ ಆಟಕ್ಕೆ ಬರುತ್ತಿದ್ದ ಹುಡುಗ. ಕೇರಳದ ಒಂದು ಕ್ಲಬ್ಬಿನವರು ಮುಂಗಡ ಕೊಟ್ಟೇ ಹೋದರು. ಅದರಲ್ಲಿ ಮಾಮ ಲೀಗಿನ ಶುಲ್ಕ ಕಟ್ಟಿ ಎಲ್ಲರಿಗೂ ಬೂಟು ತೆಗೆಸಿಕೊಟ್ಟರು. ಸಹಿ ಮಾಡುವ ದಿನ ಸೆಲ್ವಂನನ್ನು ಬಿಡಲು ತಾವೇ ಹೊರಟರು. ಅವರು ಯಾವ ಆಟಗಾರನನ್ನೂ ಒಂಟಿಯಾಗಿ ಕಳಿಸಿದ್ದನ್ನು ನಾನು ಕಂಡಿಲ್ಲ. ಗೆಳೆಯನೆಂದು ನಾನೂ ಜೊತೆಗೆ ಹೋದೆ. ರೈಲು ಪಾಲಕ್ಕಾಡ್ ದಾಟುವವರೆಗೂ ಸೆಲ್ವಂ ಹೊಸ ಬೂಟಿನ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ.

ಕ್ಲಬ್ಬಿನವರು ಆಫೀಸಿಗೆ ಕರೆದರು. ಮಾಮ, "ಮೊದಲು ಹುಡುಗರು ಇರೋ ಜಾಗ ತೋರಿಸಿ," ಎಂದರು. ಒಂದು ಹಳೆಯ ಕಟ್ಟಡದ ಮಹಡಿ. ಒಂದೇ ಕೋಣೆಯಲ್ಲಿ ಏಳು ಚಾಪೆ. ಮೂಲೆಯಲ್ಲಿ ಒಬ್ಬ ಹುಡುಗ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಮೊಣಕಾಲು ಊದಿ, ಸುತ್ತ ಒಂದು ಲುಂಗಿಯ ತುಂಡು ಬಿಗಿದಿತ್ತು. ಮಾಮ ಅವನ ಪಕ್ಕ ನೆಲದ ಮೇಲೆ ಕೂತು ಊತವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಎಷ್ಟು ದಿನವಾಯಿತು ಎಂದು ಕೇಳಿದರು. ಒಂದೂವರೆ ತಿಂಗಳು ಎಂದ. ಡಾಕ್ಟರ್ ನೋಡಿದರಾ? ನಾಳೆ, ನಾಳೆ ಅನ್ನುತ್ತಿದ್ದಾರೆ ಎಂದ. ಅವನು ಅಳಲಿಲ್ಲ. ಮಾಮನ ಕೈ ತನ್ನ ಮೊಣಕಾಲಿನ ಮೇಲೆ ಇನ್ನೂ ಸ್ವಲ್ಪ ಹೊತ್ತು ಇರಲಿ ಎನ್ನುವಂತೆ ಅಲುಗಾಡದೆ ಕೂತಿದ್ದ.

ಮಾಮ ಕೆಳಗಿಳಿದು ಬಂದು ಆಫೀಸಿನವರಿಗೆ ಹೇಳಿದ್ದು ಒಂದೇ ಮಾತು. "ನಮ್ಮ ಹುಡುಗ ಬರೋದಿಲ್ಲ. ನಿಮ್ಮ ಹಣ ಹತ್ತು ದಿನದಲ್ಲಿ ಬರುತ್ತೆ." ಹೊರಡುವ ಮುಂಚೆ ಒಂದು ಆಟೋ ಕರೆಸಿ, ಆ ಕಾಲೂದಿದ ಹುಡುಗನನ್ನು ನಮ್ಮಿಬ್ಬರ ಹೆಗಲಿಗೆ ಒರಗಿಸಿ ಇಳಿಸಿ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಅವನ ತಂದೆಗೆ ತಾವೇ ಫೋನ್ ಮಾಡಿ, ಅವರು ಬರುವವರೆಗೆ ಕಾದರು.

ಸೆಲ್ವಂ ದಾರಿಯುದ್ದಕ್ಕೂ ಅವರೊಡನೆ ಮಾತಾಡಲಿಲ್ಲ. ಸಿಗಬೇಕಿದ್ದ ಸಂಬಳ ಕೈತಪ್ಪಿತು ಎಂದು ಅವನಿಗೆ ಸಂಕಟ. ಮಾಮ ಅವನನ್ನು ಸಮಾಧಾನ ಮಾಡಲೂ ಹೋಗಲಿಲ್ಲ.

ಹದಿನೈದು ದಿನದ ಮೇಲೆ ನಾನು ಅಂಗಡಿಗೆ ಹೋದಾಗ ತಂತಿ ಸುತ್ತುವ ದೊಡ್ಡ ಮೆಷಿನ್ ಇದ್ದ ಜಾಗ ಖಾಲಿ. ಮಾಮ ಸ್ಟೂಲಿನ ಮೇಲೆ ಕೂತು ಕೈಯಲ್ಲೇ ಸುತ್ತುತ್ತಿದ್ದರು.

"ಮೆಷಿನ್ ಎಲ್ಲಿ ಮಾಮ?"

"ಕೊಟ್ಬಿಟ್ಟೆ. ಅದಕ್ಕೇನು, ಮೊಣಕಾಲಿಲ್ಲೆ, ಊದ್ಕೊಳ್ಳೋದಿಲ್ಲೆ. ಎಲ್ಲಿ ಬೇಕಾದ್ರೂ ಇರುತ್ತೆ." ಎಣಿಕೆ ತಪ್ಪುತ್ತದೆ, ಮಾತಾಡಿಸಬೇಡ ಎಂದು ಕೈಸನ್ನೆ ಮಾಡಿದರು. ನಾನು ಹೊರಗೆ ಬಂದು ಸೆಲ್ವಂಗೆ ಫೋನ್ ಮಾಡಿ ಹೇಳಿದೆ. ಮರುದಿನ ಅವನು ಎಲ್ಲರಿಗಿಂತ ಮುಂಚೆ ಮೈದಾನಕ್ಕೆ ಬಂದು ಗೆರೆಗೆ ಸುಣ್ಣ ಹಾಕುತ್ತಿದ್ದ. ಒಂದು ವರ್ಷ ಕಳೆದು ಅವನಿಗೆ ಚೆನ್ನೈಯಲ್ಲಿ ಕೆಲಸವೂ ಆಟವೂ ಸಿಕ್ಕಿತು. ಮಾಮ ಅಲ್ಲಿಗೂ ಹೋಗಿ, ಹಾಸಿಗೆ ಒತ್ತಿ ನೋಡಿ, ಅಡುಗೆಯವರ ಜೊತೆ ಮಾತಾಡಿ ಬಂದರು.

ಆಮೇಲೆ ನನ್ನ ಸರದಿ. ಬೆಂಗಳೂರಿನ ಕ್ಲಬ್ಬೊಂದು ನನ್ನನ್ನು ಕೇಳಿತು. ಮಾಮ ನಮ್ಮ ಹಳ್ಳಿಗೆ ಬಂದು ಅಮ್ಮನ ಮುಂದೆ ಕೂತು ವಿಷಯ ಹೇಳಿದಾಗ ನನಗೆ ತಡೆಯಲಾಗಲಿಲ್ಲ.

"ನನ್ನನ್ನೂ ಮಾರ್ತೀರಾ ಮಾಮ?"

ಅಮ್ಮ ನನ್ನನ್ನು ಗದರಿಸಿದಳು. ಅವರು ಕೈಯೆತ್ತಿ ಅವಳನ್ನು ತಡೆದರು.

"ಆಮಾ ಕಣ್ಣು, ಮಾರ್ತೀನಿ. ಮಾರ್ದೆ ಇದ್ರೆ ಈ ವರ್ಷ ಮಿಕ್ಕ ಹುಡುಗರಿಗೆ ಆಟ ಇಲ್ಲೆ. ನಿನಗೆ ಹೇಳಿಕೊಡೋಕೆ ನನ್ನ ಹತ್ರ ಇನ್ನೇನೂ ಉಳಿದಿಲ್ಲೆ, ಅದೂ ನಿಜ. ಎರಡರಲ್ಲಿ ಯಾವುದು ದೊಡ್ಡದು ಅಂತ ಮಾತ್ರ ನನ್ನ ಕೇಳಬೇಡ. ನನಗೇ ಗೊತ್ತಿಲ್ಲೆ."

ನಿನ್ನ ಒಳ್ಳೆಯದಕ್ಕೇ ಕಳಿಸುತ್ತಿದ್ದೇನೆ ಎಂದು ಅವರು ಸುಲಭವಾಗಿ ಹೇಳಬಹುದಿತ್ತು. ಹೇಳಲಿಲ್ಲ. ಆ ವಯಸ್ಸಿನಲ್ಲಿ ನನಗೆ ಅದರ ಬೆಲೆ ತಿಳಿಯಲಿಲ್ಲ. ಬೆಂಗಳೂರಿಗೆ ನನ್ನನ್ನು ಬಿಡಲು ಬಂದು, ಕೋಣೆ ನೋಡಿ, ಕಿಟಕಿಯ ಚಿಲಕ ಹಾಕಿ ತೆಗೆದು ಪರೀಕ್ಷಿಸಿ ಹೊರಟಾಗ ನಾನು ಗೇಟಿನವರೆಗೂ ಹೋಗಲಿಲ್ಲ. ಐದಾರು ತಿಂಗಳು ಅವರ ಫೋನಿಗೆ ಒಂದೆರಡು ಮಾತಿನಲ್ಲೇ ಉತ್ತರ ಕೊಟ್ಟೆ.

ಬೆಂಗಳೂರಿನಲ್ಲಿ ನನ್ನ ಕನ್ನಡ ಕೇಳಿ ಜೊತೆಯವರು ನಗುತ್ತಿದ್ದರು. ಮನೆಯಲ್ಲಿ ಆಡುವ ಮಾತಿಗೆ ಅಕ್ಷರವಿದೆ ಎಂದು ಗೊತ್ತಿತ್ತು, ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡು ನೋಡುತ್ತ, ಅಂಗಡಿಯ ಹೆಸರು ಕೂಡಿಸುತ್ತ ಕಲಿತೆ. ಇವತ್ತು ಇದನ್ನು ಬರೆಯುತ್ತಿರುವುದು ಆ ಕಲಿಕೆಯಿಂದಲೇ. ಅವರು ನನ್ನನ್ನು ಕಳಿಸದಿದ್ದರೆ ಇದೂ ಇರುತ್ತಿರಲಿಲ್ಲ.

ಎರಡನೆಯ ವರ್ಷ ಕೊಯಮತ್ತೂರಿನಲ್ಲೊಂದು ಕಪ್ ಪಂದ್ಯಾವಳಿ ನಡೆಯಿತು. ಚೀಟಿ ಎತ್ತಿದಾಗ ನಮ್ಮ ಬೆಂಗಳೂರಿನ ತಂಡಕ್ಕೆ ಎದುರಾಗಿ ಬಂದದ್ದು ಮಾಮನ ಕ್ಲಬ್. ಸೋತವರು ಮನೆಗೆ. ನಾವು ಒಂದು ಗೋಲು ಮುಂದಿದ್ದೆವು. ಆಟ ಮುಗಿಯಲು ಇನ್ನೆರಡು ನಿಮಿಷವಿದ್ದಾಗ ಅವರಿಗೊಂದು ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ಹೊಸ ಹುಡುಗ. ಅಂಚಿನಲ್ಲಿ ಬಿಳಿ ಪಂಚೆಯುಟ್ಟ ಮಾಮ ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತಿದ್ದರು. ಬಿಟ್ಟುಬಿಡಬೇಕೆಂಬ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಆದರೆ ಅವನ ಕಾಲು ಹಿಂದಕ್ಕೆ ಹೋದ ಕೂಡಲೇ ನನ್ನ ಮೈ ತಾನಾಗಿ ಬಲಕ್ಕೆ ಹಾರಿತು. ಚೆಂಡು ಕೈಗೆ ಬಡಿದು ಹೊರಗೆ ಹೋಯಿತು.

ಸೀಟಿ ಊದಿದ ಮೇಲೆ ನಾನು ಗೋಲಿನೊಳಗೇ ಕೂತಿದ್ದೆ. ಮಾಮ ಮೈದಾನ ದಾಟಿ ನೇರ ನನ್ನ ಹತ್ತಿರ ಬಂದರು. ಏನನ್ನುತ್ತಾರೋ ಎಂದು ತಲೆ ಎತ್ತಲಿಲ್ಲ.

"ಬಲಕ್ಕೆ ಬೀಳೋವಾಗ ಇನ್ನೂ ಮೊಣಕೈ ಮೊದಲು ಊರ್ತೀಯ. ಒಂದು ದಿನ ಮುರ್ಕೊಳ್ತೀಯ, ನೋಡು," ಎಂದು ನನ್ನ ತೋಳು ಹಿಡಿದು ಎಬ್ಬಿಸಿದರು. "ಮನೆಗೆ ಬಾ. ನಿನ್ನ ಅತ್ತೆ ಸಮೈಯಲ್ ಮಾಡಿ ಇಟ್ಕೊಂಡು ಕಾಯ್ತಾ ಇದ್ದಾಳೆ."

ಅತ್ತೆ ಅಕ್ಕಿಬೇಳೆ ಅನ್ನ ಬಡಿಸಿದರು. ತುಪ್ಪ ಹಾಕುತ್ತ ಮಾಮ ಹೇಳಿದರು: "ಆ ಪೆನಾಲ್ಟಿ ಹೊಡೆದ ಹುಡುಗನ ನೋಡೋಕೆ ಇವತ್ತು ಇಬ್ಬರು ಬಂದಿದ್ರು. ಮುಂದಿನ ವರ್ಷ ಅವನನ್ನ ಕಳಿಸಿ ಕ್ಲಬ್ ನಡೆಸೋಣ ಅಂತಿದ್ದೆ. ನೀನು ಹಿಡಿದುಬಿಟ್ಟೆ. ಅವರು ಟೀನೂ ಕುಡೀದೆ ಹೋದ್ರು." ನಾನು ಎತ್ತಿದ ತುತ್ತನ್ನು ಮತ್ತೆ ತಟ್ಟೆಗೆ ಇಟ್ಟೆ. ಅವರು ನನ್ನ ಮುಖ ನೋಡಿ ಜೋರಾಗಿ ನಕ್ಕರು. ನಾನೂ ನಕ್ಕೆ. ನಗುತ್ತಲೇ, ಗೇಟಿನವರೆಗೆ ಬರದೆ ಹೋದದ್ದು ತಪ್ಪಾಯಿತು ಮಾಮ ಎಂದೆ. "ಗೇಟು ಅಲ್ಲೇ ಇರುತ್ತೆ, ಬಿಡು," ಎಂದು ಇನ್ನೊಂದು ಸೌಟು ಹಾಕಿದರು.

ಕಳೆದ ವರ್ಷ ಅವರು ಹೋದರು. ಎದೆಯಲ್ಲಿ ನೀರು ತುಂಬಿಕೊಂಡು ಒಂದು ವಾರ ಆಸ್ಪತ್ರೆಯಲ್ಲಿದ್ದರಂತೆ. ನನಗೆ ಆಟದ ನಡುವೆ ತೊಂದರೆಯಾಗಬಾರದೆಂದು ಹೇಳಬೇಡಿ ಅಂದಿದ್ದರಂತೆ. ನಾನು ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕಾರ್ಯದ ದಿನ ಚೆನ್ನೈ, ಕೊಚ್ಚಿ, ಗೋವಾ ಎಂದು ಎಲ್ಲೆಲ್ಲಿಂದಲೋ ಅವರು ಮಾರಿದ ನಾವೆಲ್ಲ ಬಂದು, ಆ ಸಣ್ಣ ಮನೆಯ ಮುಂದೆ ಎಲೆ ಹಾಕುವುದು, ನೀರು ಬಡಿಸುವುದು ಮಾಡುತ್ತಿದ್ದೆವು. ಸೆಲ್ವಂ ಪಾತ್ರೆ ತೊಳೆಯುತ್ತ ಕೂತವನು ಏಳಲೇ ಇಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ನನ್ನನ್ನು ಒಳಗೆ ಕೂರಿಸಿಕೊಂಡರು.

"ಟೀವಿಲಿ ನಿನ್ನ ಆಟ ಬಂದ್ರೆ ನಿಮ್ಮ ಮಾಮ ಒಂದು ದಿನವಾದ್ರೂ ಕೂತು ನೋಡಿದ್ದಿಲ್ಲೆ, ಗೊತ್ತಾ?" ಎಂದರು. "ನಿನಗೆ ಗೋಲು ಬೀಳೋದ ನೋಡೋಕೆ ಆಗೋದಿಲ್ಲೆ ಅಂತ ಬಾಗಿಲ ಹೊರಗೆ ಹೋಗಿ ನಿಂತ್ಕೊಳ್ಳೋರು. ನಾನು ನೋಡಿ ಒಳಗಿಂದ ಹೇಳ್ಬೇಕು. ಹಿಡಿದ ಅಂದ್ರೆ ಒಳಗೆ ಬರೋರು. ನಾನು ಸುಮ್ಮನಿದ್ರೆ ಬೀದಿಗೆಲ್ಲ ಕೇಳೋ ಹಾಗೆ ರೆಫರಿನ ಬೈಯೋರು. ನನಗೆ ಆ ಆಟದ ತಲೆ ಬುಡ ಗೊತ್ತಾ? ಅವರಿಗೋಸ್ಕರ ನೋಡಿ ನೋಡಿ ಕಲ್ತೆ."

ನಾನು ನಕ್ಕೆ. ಅತ್ತೆಯೂ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡರು.

"ಆಸ್ಪತ್ರೇಲಿ ಕಡೇ ಶನಿವಾರ ನಿನ್ನ ಆಟ ಇತ್ತು. ನಾನು ಫೋನಿನಲ್ಲಿ ನೋಡ್ತಾ ಇದ್ದೆ. ಅವರು ಕಣ್ಣು ಮುಚ್ಚಿಕೊಂಡು ಮಲಗಿದ್ರು. ಏನಾಯ್ತು ಅಂತ ಕೇಳಿದ್ರು. ಒಂದೂ ಬಿಡಲಿಲ್ಲೆ, ಎಲ್ಲ ಹಿಡಿದ, ಗೆದ್ರು ಅಂತ ಹೇಳ್ಬಿಟ್ಟೆ. ನಿದ್ದೆ ಹೋದ್ರು." ನನ್ನ ಕಡೆ ತಿರುಗಿ ಕೇಳಿದರು. "ತಪ್ಪಾ ಕಣ್ಣು?"

"ಇಲ್ಲ ಅತ್ತೆ," ಎಂದೆ.

ಆ ಶನಿವಾರ ನನಗೆ ಮೂರು ಗೋಲು ಬಿದ್ದಿದ್ದವು.