ದೇವರ ಮುಂದೆ ಇಡದ ಪುಟ

ಕಳೆದ ವಾರ ವಿಜಯನಗರದ ಒಂದು ತರಬೇತಿ ಸಂಸ್ಥೆಯಿಂದ ಫೋನ್ ಬಂತು. "ಮೇಡಂ, ಒಳ್ಳೆ ಪ್ರಾಜೆಕ್ಟ್ ಮ್ಯಾನೇಜರ್ ಆಗೋದು ಹೇಗೆ ಅಂತ ನಮ್ಮ ಹುಡುಗರಿಗೆ ಒಂದು ಹತ್ತು ಟಿಪ್ಸ್ ಕೊಡಿ. ಸ್ವಲ್ಪ ಪಾಸಿಟಿವ್ ಆಗಿರ್ಲಿ" ಅಂದರು. ಪಾಸಿಟಿವ್ ಅನ್ನೋ ಮಾತು ಕಿವಿಗೆ ಬಿದ್ದದ್ದೇ ತಡ, ನನಗೆ ಪಿತ್ತ ನೆತ್ತಿಗೇರಿತು. ಪಾಪ, ಅವರ ತಪ್ಪೇನೂ ಇರಲಿಲ್ಲ. ನನ್ನ ಹತ್ತಿರ ಹತ್ತಿಲ್ಲ, ಒಂದೇ ಇರೋದು, ಅದನ್ನು ಹೇಳೋಕೆ ನನಗೆ ನಾಚಿಕೆಯಾಗುತ್ತೆ ಅಂದೆ. ಅವರು ನಕ್ಕರು. ನಾನು ನಗಲಿಲ್ಲ.

ಆಗ ನಾನಿದ್ದದ್ದು ರಾಜಾಜಿನಗರದ ಒಂದು ಸಣ್ಣ ಕಂಪನಿಯಲ್ಲಿ. ಕಟ್ಟಡಗಳ ಒಳಗಿನ ಕೆಲಸ ನಮ್ಮದು: ಪೈಪು, ವೈರಿಂಗ್, ಫಾಲ್ಸ್ ಸೀಲಿಂಗ್. ನಮ್ಮ ಯಜಮಾನರಿಗೆ ಒಂದು ಪದ್ಧತಿ ಇತ್ತು. ಯಾವುದೇ ಪ್ರಾಜೆಕ್ಟಿನ ಪ್ಲಾನ್ ತಯಾರಾದರೂ ಅದನ್ನು ಪ್ರಿಂಟ್ ಹಾಕಿಸಿ, ತಲೆಯಲ್ಲಿ ಶ್ರೀ ಬರೆದು, ನಾಲ್ಕು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಆಫೀಸಿನ ದೇವರ ಫೋಟೋ ಮುಂದೆ ಇಡಬೇಕು. ಇದರಲ್ಲಿ ನನಗೇನೂ ತಕರಾರಿರಲಿಲ್ಲ. ನಮ್ಮಮ್ಮನೂ ಹೊಸ ಮಿಕ್ಸಿಗೆ ಕುಂಕುಮ ಇಟ್ಟವಳೇ.

ಗೋವಿಂದರಾಜನಗರದಲ್ಲಿ ಒಂದು ಹೊಸ ನರ್ಸಿಂಗ್ ಹೋಮ್ ಕೆಲಸ ಬಂತು. ಆಷಾಢ ಹುಟ್ಟುವ ಮೊದಲೇ ಓಪನಿಂಗ್ ಆಗಬೇಕು ಅಂತ ಮುಹೂರ್ತ ಇಟ್ಟುಬಿಟ್ಟಿದ್ದರು. ಕೆಲಸಕ್ಕೆ ಎಷ್ಟು ದಿನ ಬೇಕು ಅಂತ ನಮ್ಮನ್ನು ಯಾರೂ ಕೇಳಲಿಲ್ಲ. ಮುಹೂರ್ತದಿಂದ ಹಿಂದಕ್ಕೆ ಎಣಿಸುತ್ತಾ ಬಂದು, ಎಷ್ಟು ದಿನ ಸಿಕ್ಕಿತೋ ಅಷ್ಟರಲ್ಲಿ ಕೆಲಸ ತುರುಕಿದೆ. ಅದು ನನ್ನ ಮೊದಲ ತಪ್ಪು.

ಸೈಟ್ ಸೂಪರ್‌ವೈಸರ್ ಕುರುಬರಹಳ್ಳಿಯವರು. ಐವತ್ತು ದಾಟಿದವರು, ಇಪ್ಪತ್ತೆರಡು ವರ್ಷದಿಂದ ಅದೇ ಕಂಪನಿ. ಬೆಳಿಗ್ಗೆ ಎಂಟಕ್ಕೆಲ್ಲ ಸೈಟಿನಲ್ಲಿರುತ್ತಿದ್ದರು. ಏನೇನು ಕೆಡಬಹುದು ಅಂತ ಬರೆದಿಡುವ ಒಂದು ಪುಟ ಎಲ್ಲರೂ ತೆರೆದು ಬರೆಯಬಹುದಾದ ನಮ್ಮ ಆನ್‌ಲೈನ್ ಪ್ಲಾನ್ ಫೈಲಿನಲ್ಲಿತ್ತು. ಅದರಲ್ಲಿ ಅವರು ಫೋನಿನಿಂದಲೇ, ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಬರೆದಿದ್ದರು: 'ಎರಡನೇ ಮಹಡಿ ಬಾತ್‌ರೂಮ್ ಪೈಪು ಟೆಸ್ಟ್ ಆಗಿಲ್ಲ. ನೀರು ತುಂಬಿಸಿ ಒಂದು ದಿನ ಬಿಟ್ಟು ನೋಡದೆ ಕೆಳಗಿನ ಸೀಲಿಂಗ್ ಮುಚ್ಚಬಾರದು.'

ಶುಕ್ರವಾರದ ಮೀಟಿಂಗ್‌ಗೆ ಸೈಟಿನವರು ಬರುವುದಿಲ್ಲ. ಆ ಸಾಲನ್ನು ನಾನೇ ಯಜಮಾನರಿಗೆ ಓದಿ ಹೇಳಿದೆ. "ಸಾರ್, ಸೋರಿದ್ರೆ ಕೆಳಗಿನ ವಾರ್ಡ್ ಪೂರ್ತಿ ಹಾಳಾಗುತ್ತೆ."

"ಬಿಡ್ತು ಅನ್ನಮ್ಮ!" ಅಂದರು ಅವರು. "ಮುಹೂರ್ತ ಇಟ್ಟಾಗಿದೆ. ಶುಭಕಾರ್ಯದ ಹೊತ್ತಲ್ಲಿ ಸೋರುತ್ತೆ, ಬೀಳುತ್ತೆ ಅಂತೀಯಲ್ಲ. ಈ ಪುಟಾನ ದೇವರ ಮುಂದೆ ಇಡ್ತಾರಾ? ತೆಗಿ."

ಮನೆಯಲ್ಲಿ ಅಜ್ಜಿ ಹೇಳಿದರೆ ಚೆಂದ ಈ ಮಾತು. ಪೈಪಿನ ಜಾಯಿಂಟಿಗೆ ಬಿಡ್ತು ಅಂದರೆ ಅದು ಬಿಗಿಯಾಗುತ್ತದೆಯೇ? ಹಾಗಂತ ಕೇಳಬೇಕಿತ್ತು. ಕೇಳಲಿಲ್ಲ. ಇಂಜಿನಿಯರಿಂಗ್ ಓದಿದ, ಹನ್ನೊಂದು ವರ್ಷದ ಅನುಭವದ ನಾನು, ಆ ಮೇಜಿನ ಮುಂದೆ ಕೂತು "ಬಿಡ್ತು" ಅಂದೆ. ಆ ತಿಂಗಳು ನನ್ನ ಪ್ರಮೋಷನ್ ಮಾತು ನಡೆದಿತ್ತು. ಪ್ರಿಂಟಿನಿಂದ ಪುಟ ತೆಗೆದದ್ದು ಸಾಲದು ಅಂತ, ಎರಡು ಕಡೆ ಎರಡು ಥರ ಇರಬಾರದು ಅಂತ, ಫೈಲಿನಿಂದಲೂ ಅಳಿಸಿದೆ. ಅಚ್ಚುಕಟ್ಟು ನೋಡಿ ನನ್ನದು! ನಾಲ್ಕನೇ ದಿನ ಆಫೀಸಿನಿಂದಲೇ ಹೇಳಿ ಸೀಲಿಂಗ್ ಮುಚ್ಚಿಸಿದೆವು. ತಾವು ಬರೆದದ್ದನ್ನು ನೋಡಿಯೇ ಹೇಳಿದ್ದಾರೆ ಅಂತ ಸೂಪರ್‌ವೈಸರ್ ನಂಬಿದರು.

ಓಪನಿಂಗ್ ದಿನ ಹೋಮ ಮುಗಿದು, ಜನ ಕೈಕಾಲು ತೊಳೆಯೋಕೆ ಶುರು ಮಾಡಿದ ಮೇಲೆ ಮೊದಲ ಮಹಡಿಯ ವಾರ್ಡಿನಲ್ಲಿ ಸೀಲಿಂಗ್ ಹಲಗೆಗಳು ನೆನೆದು ಹೊಸ ಮಂಚಗಳ ಮೇಲೆ ಬಿದ್ದವು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಸೋಮವಾರ ಯಜಮಾನರು ಸೂಪರ್‌ವೈಸರನ್ನು ಆಫೀಸಿಗೆ ಕರೆಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯೋದು ಹೇಗೆ ಅಂತ ಅವತ್ತು ಕಣ್ಣಾರೆ ಕಂಡೆ.

"ಟೆಸ್ಟ್ ಆಗಿಲ್ಲ ಅಂತ ಹೇಳೋಕೇನಾಗಿತ್ತು ನಿನಗೆ?"

"ಬರೆದಿದ್ದೆ ಸಾರ್, ಆ ಪುಟದಲ್ಲಿ."

"ಎಲ್ಲಿ? ತೋರ್ಸು. ನೀನು ಬರೆದಿದ್ರೆ ನಾವು ಮುಚ್ಚಿಸ್ತಿದ್ವಾ?"

ಅವರು ಫೋನ್ ತೆಗೆದು ಫೈಲ್ ಹುಡುಕಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. ಕನ್ನಡಕ ಒರೆಸಿಕೊಂಡು ಮತ್ತೆ ಹುಡುಕಿದರು. ಪುಟ ತೆಗೆಸಿದ ಮನುಷ್ಯ ಎದುರಿಗೇ ಕೂತು, ಇನ್ನೂ ಹುಡುಕು ಅನ್ನುವಂತೆ ನೋಡುತ್ತಿದ್ದ. ಹೌದು, ಇಲ್ಲಿ ನಾನು ಬಹುವಚನ ಬಳಸೋದಿಲ್ಲ. ಮತ್ತೆ ನಾನು? ನನ್ನ ಮುಂದಿದ್ದ ಟೀ ಲೋಟ ನೋಡುತ್ತಿದ್ದೆ. ಒಂದು ವಾಕ್ಯ ಸಾಕಿತ್ತು. ನಾನು ಬಾಯಿ ಬಿಡಲಿಲ್ಲ. ನಾಳೆಯಿಂದ ಬರಬೇಡ ಅಂದ ಅವರಿಗೆ. ಮುಂದಿನ ವಾರ ನನ್ನ ಹೆಸರಿನ ಮುಂದೆ ಸೀನಿಯರ್ ಅಂತ ಸೇರಿತು.

ಮೂರು ವಾರ ತಡೆದುಕೊಂಡೆ. ಅನ್ನ ಸೇರಲಿಲ್ಲ ಅಂತೆಲ್ಲ ಸುಳ್ಳು ಹೇಳೋದಿಲ್ಲ, ಸೇರಿತು. ಆದರೆ ಹೊಸ ಪ್ಲಾನಿಗೆ ಕುಂಕುಮ ಹಚ್ಚುವಾಗ ಕೈ ಹಿಂಜರಿಯುತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಕುರುಬರಹಳ್ಳಿಗೆ ಹೋದೆ.

ಅವರು ಮನೆ ಮುಂದೆ ಕೂತು ಪೇಪರ್ ಓದುತ್ತಿದ್ದರು. ನನ್ನನ್ನು ನೋಡಿ ಗಡಬಡಿಸಿ ಎದ್ದರು. ಅವರ ಹೆಂಡತಿ ಕಾಫಿ ಕೊಟ್ಟು ಬಾಗಿಲ ಹತ್ತಿರ ನಿಂತರು.

"ನೀವಾದ್ರೂ ಸ್ವಲ್ಪ ಹೇಳೀಮ್ಮ ಇವರಿಗೆ. ಆಫೀಸಲ್ಲಿ ಬರೀದೆ ಬರೆದಿದೀನಿ ಅಂದ್ರಂತಲ್ಲ. ಯಾವತ್ತೂ ಮರೆಯೋರಲ್ಲ ಇವರು. ಮರೆವಿನ ಕಾಯಿಲೆ ಏನಾದ್ರೂ ಶುರುವಾಯ್ತೇನೋ ಅಂತ ಮೊನ್ನೆ ಡಾಕ್ಟ್ರ ಹತ್ರ ಕರ್ಕೊಂಡ್ ಹೋಗಿದ್ವಿ. ತಲೆ ಸ್ಕ್ಯಾನ್ ಮಾಡಿಸಿ ಅಂದಿದಾರೆ."

ಸೂಪರ್‌ವೈಸರ್ ಮೆಲ್ಲಗೆ ಹೇಳಿದರು: "ಬರೆದ ಹಾಗೇ ನೆನಪು ಮೇಡಂ. ಆದ್ರೆ ಫೈಲಲ್ಲಿ ಇರ್ಲಿಲ್ವಲ್ಲ. ಈಗ ನನಗೇ ನನ್ನ ಮೇಲೆ ಅನುಮಾನ. ಗ್ಯಾಸ್ ಆಫ್ ಮಾಡಿದ್ರೂ ಎರಡು ಸಲ ಎದ್ದು ನೋಡ್ತೀನಿ."

"ನೀವು ಬರೆದಿದ್ರಿ ಅಣ್ಣ" ಅಂದೆ. "ನಾನು ಅಳಿಸಿದೆ. ಅವತ್ತು ಗೊತ್ತಿದ್ದೂ ಸುಮ್ಮನೆ ಕೂತಿದ್ದೆ. ನಾಳೆ ಆಫೀಸಲ್ಲಿ ಎಲ್ಲರೆದುರು ಹೇಳ್ತೀನಿ."

ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿ ಅಂತಲೇ ಹೋಗಿದ್ದೆ. ನಾಳೆಯ ಮಾತು ಅವರ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ಅವರ ಮುಖವೆಲ್ಲ ಅರಳಿತು. ಹೆಂಡತಿಯ ಕಡೆ ತಿರುಗಿ, ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದರು:

"ಕೇಳ್ದೇನೇ? ಬರೆದಿದ್ನಂತೆ ಕಣೇ! ನಾನು ಬರೆದಿದ್ನಂತೆ!"